ಮದುವೆ ಸಾಲ, ಜೀತ ಮತ್ತು ಚೋಮನ ದುಡಿ

ಆಫೀಸಿನಲ್ಲಿ ಅಪ್ರೈಸಲ್ ಮುಗಿದ ವಾರ ಕ್ಯಾಂಟೀನ್ ಕಡೆ ಹೋದರೆ ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತೆ. "ನಾವೆಲ್ಲ ಹೈಟೆಕ್ ಜೀತದಾಳುಗಳು ಕಣೋ ಮಗಾ!" ನಾನೂ ಎಷ್ಟೋ ಸಲ ಹೇಳಿದ್ದೀನಿ. ಇಂಜಿನಿಯರಿಂಗ್ ಮುಗಿಸಿ ಸೇರಿದ ಮೊದಲ ಕೆಲಸಕ್ಕೆ ಎರಡು ವರ್ಷದ ಬಾಂಡ್ ಬರೆದುಕೊಟ್ಟಿದ್ದೆ. ಅವತ್ತು ಮನೆಗೆ ಫೋನ್ ಮಾಡಿ "ಅಪ್ಪಾ, ಜೀತಕ್ಕೆ ಸೇರ್ಕೊಂಡೆ" ಅಂತ ಜೋಕ್ ಹೊಡೆದಿದ್ದೆ. ಅಪ್ಪ ನಗಲಿಲ್ಲ. ಯಾಕೆ ನಗಲಿಲ್ಲ ಅಂತ ಗೊತ್ತಾಗೋಕೆ ನನಗೆ ಆರು ವರ್ಷ ಬೇಕಾಯ್ತು.

ನಮ್ಮೂರು ಗೌರಿಬಿದನೂರು ತಾಲ್ಲೂಕಿನಲ್ಲಿದೆ. ಊರಿನ ಹೆಸರು ಬೇಡ, ಯಾಕೆ ಅಂತ ಮುಂದೆ ಓದಿದರೆ ನಿಮಗೇ ತಿಳಿಯುತ್ತೆ. ಕಳೆದ ಮಳೆಗಾಲದಲ್ಲಿ ಒಂದು ಶನಿವಾರ ಊರಿಗೆ ಹೋಗಿದ್ದೆ. ಬೆಳಗಿನಿಂದ ಮಳೆ ಹಿಡಿದುಕೊಂಡಿತ್ತು. (ನಮ್ಮ ಕಡೆ ಮಳೆ ಬಂದರೆ ಅದೇ ಒಂದು ಸುದ್ದಿ ಬಿಡಿ!) ಹೊರಗೆ ಹೋಗೋ ಹಾಗಿಲ್ಲ, ಕರೆಂಟ್ ಇಲ್ಲ, ಲ್ಯಾಪ್‌ಟಾಪಿನಲ್ಲಿ ಚಾರ್ಜ್ ಇತ್ತು. ಬಹಳ ದಿನದಿಂದ ನೋಡಬೇಕು ಅಂದುಕೊಂಡು ಇಳಿಸಿಟ್ಟುಕೊಂಡಿದ್ದ 'ಚೋಮನ ದುಡಿ' ಹಾಕಿದೆ. ಅಪ್ಪನೂ ಬಂದು ಪಕ್ಕದಲ್ಲಿ ಕೂತರು. ಅರ್ಧ ಸಿನಿಮಾ ನೋಡಿದರು. ಸಾಲದ ಮಾತು ಬಂದಾಗ ಎದ್ದು ಜಗಲಿಗೆ ಹೋದವರು ಆಮೇಲೆ ಒಳಗೆ ಬರಲೇ ಇಲ್ಲ.

ಮಾರನೇ ದಿನ ಬೆಳಿಗ್ಗೆ ಅಟ್ಟದ ಮೇಲಿನ ಟ್ರಂಕಿನಿಂದ ಒಂದು ಕಾಗದ ತಂದು ನನ್ನ ಕೈಗಿಟ್ಟರು. ಹಳೆಯ ಪಹಣಿ, ಕಂದಾಯದ ರಸೀದಿಗಳ ಮಧ್ಯೆ ಮಡಿಸಿ ಇಟ್ಟಿದ್ದ ಕಾಗದ. ತೇದಿ 1963ರದ್ದು. ವಿಷಯ ಇಷ್ಟೇ: ಮದುವೆ ಖರ್ಚಿಗೆ ಅಂತ ನಮ್ಮ ತಾತನಿಂದ 350 ರೂಪಾಯಿ ಸಾಲ ಪಡೆದಿದ್ದೇನೆ, ಸಾಲ ತೀರುವವರೆಗೆ ನಿಮ್ಮ ಮನೆಯಲ್ಲಿ ಜೀತ ಇರುತ್ತೇನೆ. ಕೆಳಗೆ ಹೆಬ್ಬೆಟ್ಟಿನ ಗುರುತು, ಇಬ್ಬರು ಸಾಕ್ಷಿಗಳ ರುಜು.

ಹೆಬ್ಬೆಟ್ಟು ಯಾರದ್ದು ಅಂತ ನನಗೆ ತಕ್ಷಣ ಗೊತ್ತಾಯ್ತು. ಅವರ ಹೆಸರು ಬರೆಯಲ್ಲ, ಅವರ ಮಕ್ಕಳು ಮೊಮ್ಮಕ್ಕಳು ಅದೇ ಊರಿನಲ್ಲಿದ್ದಾರೆ. ನಾನು ಚಿಕ್ಕವನಿದ್ದಾಗ ನೋಡಿದ್ದೆ, ಬಾಗಿದ ಬೆನ್ನಿನ, ಮಾತು ಕಡಿಮೆ ಇದ್ದ ಮುದುಕ. ನಮ್ಮ ಮನೆಯಲ್ಲಿ ಅವರ ಬಗ್ಗೆ ಹೇಳುತ್ತಿದ್ದದ್ದು ಒಂದೇ ಮಾತು: "ಅವನು ನಮ್ಮನೆಯವನ ಥರಾನೇ ಇದ್ದ." ಅಪ್ಪನನ್ನ ಹೆಗಲ ಮೇಲೆ ಕೂರಿಸಿಕೊಂಡು ಹಳ್ಳ ದಾಟಿಸಿ ಸ್ಕೂಲಿಗೆ ಬಿಡುತ್ತಿದ್ದದ್ದು ಅವರೇ ಅಂತೆ. ಆದರೆ ಮನೆಯವನ ಥರ ಇದ್ದವರ ತಟ್ಟೆ ಮಾತ್ರ ಕೊಟ್ಟಿಗೆಯ ಗೋಡೆಗೆ ಸಿಕ್ಕಿಸಿರುತ್ತಿತ್ತು, ಅಡುಗೆಮನೆಯಲ್ಲಿ ಅಲ್ಲ.

ಇಷ್ಟು ದಿನ ಗುಲಾಮಗಿರಿ ಅಂದರೆ ನನ್ನ ತಲೆಯಲ್ಲಿ ಹಡಗು, ಸರಪಳಿ, ಅಮೆರಿಕದ ಹತ್ತಿ ಹೊಲ, ವೆಸ್ಟ್ ಇಂಡೀಸಿನ ಕಬ್ಬಿನ ತೋಟ ಇಷ್ಟೇ ಇತ್ತು. ಇಂಗ್ಲಿಷ್ ಸೀರಿಯಲ್ಲುಗಳಲ್ಲಿ ನೋಡಿರ್ತೀವಲ್ಲ, ದೊಡ್ಡ ಬಂಗಲೆ, ಬಿಳಿ ಧಣಿ, ತೋಟದ ಗುಡಿಸಲಿನಲ್ಲಿ ಮದುವೆ ಆಗೋಕೆ ಆಸೆಪಡೋ ಇಬ್ಬರು ಗುಲಾಮರು... ಅದು ಬೇರೆ ಯಾರದ್ದೋ ಕಥೆ ಅಂದುಕೊಂಡಿದ್ದೆ. ಆ ಕಾಗದ ಓದಿದ ಮೇಲೆ ಸ್ವಲ್ಪ ಇತಿಹಾಸ ಹುಡುಕಿ ಓದಿದೆ. ಓದಿದಷ್ಟೂ ಒಂದು ವಿಷಯ ಸ್ಪಷ್ಟವಾಗ್ತಾ ಹೋಯ್ತು. ನಮ್ಮಲ್ಲಿ ಗುಲಾಮಗಿರಿಯ ಗಂಟು ಬಿದ್ದದ್ದು ಸಂತೆಯಲ್ಲಿ ಅಲ್ಲ, ಮದುವೆ ಚಪ್ಪರದ ಕೆಳಗೆ. ಅದನ್ನೇ ಇಲ್ಲಿ ಬರೀತಾ ಇದ್ದೀನಿ.

ಮೊದಲು ಸಿನಿಮಾದಿಂದಲೇ ಶುರು ಮಾಡ್ತೀನಿ. ಶಿವರಾಮ ಕಾರಂತರ 'ಚೋಮನ ದುಡಿ' ಕಾದಂಬರಿ ಬಂದದ್ದು 1933ರಲ್ಲಿ. ಬಿ.ವಿ. ಕಾರಂತರು ಅದನ್ನು ಸಿನಿಮಾ ಮಾಡಿದ್ದು 1975ರಲ್ಲಿ. ಆ ವರ್ಷದ ಅತ್ಯುತ್ತಮ ಚಿತ್ರ ಅಂತ ರಾಷ್ಟ್ರಪ್ರಶಸ್ತಿ, ಸ್ವರ್ಣ ಕಮಲ ಬಂತು. ಚೋಮನಾಗಿ ನಟಿಸಿದ ಎಂ.ವಿ. ವಾಸುದೇವರಾಯರಿಗೆ ಅತ್ಯುತ್ತಮ ನಟ ಪ್ರಶಸ್ತಿಯೂ ಬಂತು. ಬ್ರಿಟಿಷರ ಕಾಲದ ದಕ್ಷಿಣ ಕನ್ನಡದ ಕಥೆ. ಚೋಮನಿಗೆ ಇರೋ ಆಸೆ ಒಂದೇ, ಸ್ವಂತ ತುಂಡು ಭೂಮಿ ಉಳಬೇಕು. ಎತ್ತು ಇದೆ, ಆದರೆ ಉಳೋ ಹಕ್ಕು ಅವನ ಜಾತಿಗೆ ಇಲ್ಲ. ತಲೆ ಮೇಲೆ ತೀರದ ಸಾಲ ಬೇರೆ. ಸಾಲ ತೀರಿಸೋಕೆ ದೊಡ್ಡ ಮಕ್ಕಳಿಬ್ಬರು ಘಟ್ಟದ ಕಾಫಿ ತೋಟಕ್ಕೆ ಹೋಗ್ತಾರೆ. ಒಬ್ಬ ಕಾಯಿಲೆ ಬಿದ್ದು ಸಾಯ್ತಾನೆ. ಇನ್ನೊಬ್ಬ ತೋಟದಲ್ಲೇ ಒಬ್ಬ ಕ್ರಿಶ್ಚಿಯನ್ ಹುಡುಗಿಯನ್ನ ಮದುವೆಯಾಗಿ, ಮತ ಬದಲಾಯಿಸಿ ಅಲ್ಲೇ ಉಳೀತಾನೆ. ಕೊನೆಗೆ ಮಗಳು ಬೆಳ್ಳಿ ತೋಟಕ್ಕೆ ಹೋಗಬೇಕಾಗುತ್ತೆ. ಬೆಳ್ಳಿ ವಾಪಸ್ ಬಂದಾಗ ಸಾಲ ಮನ್ನಾ ಆಗಿರುತ್ತೆ. ಏನು ಕೊಟ್ಟು ಮನ್ನಾ ಆಯ್ತು ಅನ್ನೋದು ಚೋಮನಿಗೆ ಗೊತ್ತಿರಲ್ಲ, ನೋಡೋ ನಮಗೆ ಗೊತ್ತಿರುತ್ತೆ.

ಎಲ್ಲರೂ ಈ ಕಥೆಯನ್ನ ಭೂಮಿಯ ಕಥೆ ಅಂತಾರೆ. ಹೌದು, ನಿಜ. ಆದರೆ ಈ ಸಲ ನನಗೆ ಕಂಡದ್ದು ಮದುವೆ. ಒಬ್ಬ ಮಗನಿಗೆ ಸಾಲದ ಹಿಡಿತದಿಂದ ಹೊರಬರೋ ದಾರಿ ಮದುವೆಯಾಯ್ತು, ಅದಕ್ಕೆ ಅಪ್ಪ, ಮನೆ, ದೈವ ಎಲ್ಲ ಬಿಡಬೇಕಾಯ್ತು. ಮದುವೆ ವಯಸ್ಸಿನ ಮಗಳ ದೇಹ ಸಾಲದ ಲೆಕ್ಕಕ್ಕೆ ಜಮೆ ಆಯ್ತು. ಸಾಲದಲ್ಲಿ ಸಿಕ್ಕಿದ ಮನೆಯಲ್ಲಿ ಯಾರ ಮದುವೆಯೂ ಆ ಮನೆಯವರ ಕೈಯಲ್ಲಿ ಇರಲ್ಲ.

ಈಗ ಒಂದು ಪ್ರಶ್ನೆ. ಚೋಮನ ಕಥೆ ನಡೆಯೋ ಹೊತ್ತಿಗೆ ಬ್ರಿಟಿಷ್ ಇಂಡಿಯಾದಲ್ಲಿ ಗುಲಾಮಗಿರಿ ಇರಲೇಬಾರದಿತ್ತಲ್ಲ? ಕಾನೂನು ಆಗಿ ಎಷ್ಟೋ ವರ್ಷ ಆಗಿತ್ತಲ್ಲ?

ಆಗಿತ್ತು. ಆದರೆ ಹೇಗೆ ಆಯ್ತು ಅಂತ ನೋಡಿ. ಬ್ರಿಟಿಷ್ ಪಾರ್ಲಿಮೆಂಟು 1833ರಲ್ಲಿ ಗುಲಾಮಗಿರಿ ನಿಷೇಧ ಕಾಯ್ದೆ ಮಾಡಿತು, 1834ರ ಆಗಸ್ಟ್ 1ರಿಂದ ಜಾರಿ. ಗುಲಾಮರನ್ನು ಕಳೆದುಕೊಂಡ ಧಣಿಗಳಿಗೆ 2 ಕೋಟಿ ಪೌಂಡ್ ಪರಿಹಾರ ಕೊಟ್ಟರು. ಗುಲಾಮರಿಗೆ? ಒಂದು ಪೆನ್ನಿಯೂ ಇಲ್ಲ. ಆ ಪರಿಹಾರಕ್ಕೆ ಸರ್ಕಾರ ಮಾಡಿದ ಸಾಲ ಪೂರ್ತಿ ತೀರಿದ್ದು 2015ರಲ್ಲಿ ಅಂದರೆ ನಂಬ್ತೀರಾ? ಧಣಿಗಳಿಗೆ ಕೊಟ್ಟ ದುಡ್ಡಿನ ಕಂತನ್ನು ನಮ್ಮ ಕಾಲದವರೆಗೂ ಕಟ್ಟಿದ್ದಾರೆ!

ಮುಖ್ಯ ವಿಷಯ ಏನಂದರೆ, ಆ ಕಾಯ್ದೆ ಈಸ್ಟ್ ಇಂಡಿಯಾ ಕಂಪನಿಯ ಪ್ರದೇಶಗಳಿಗೆ ಅನ್ವಯಿಸುತ್ತಿರಲಿಲ್ಲ. ನಮ್ಮನ್ನು ಹೊರಗಿಟ್ಟಿದ್ದರು. ಇಲ್ಲಿನ ಗುಲಾಮಗಿರಿ ಬಗ್ಗೆ ಲಾ ಕಮಿಷನ್ 1841ರಲ್ಲಿ ವರದಿ ಕೊಟ್ಟಿತು, 1843ರಲ್ಲಿ ಐದನೇ ಕಾಯ್ದೆ ಬಂತು. ಅದರಲ್ಲಿ ಇದ್ದದ್ದು ಇಷ್ಟು: ಕಂದಾಯ ಬಾಕಿಗಾಗಲಿ ಕೋರ್ಟಿನ ಡಿಕ್ರಿಗಾಗಲಿ ಸರ್ಕಾರಿ ಅಧಿಕಾರಿ ಮನುಷ್ಯನನ್ನು ಮಾರುವ ಹಾಗಿಲ್ಲ. ಒಬ್ಬ ಮನುಷ್ಯ ತನ್ನ ಆಸ್ತಿ ಅಂತ ಯಾರಾದರೂ ಬಂದರೆ ಕೋರ್ಟು ಅದನ್ನು ಒಪ್ಪಲ್ಲ. ಗುಲಾಮ ಅನ್ನೋ ಕಾರಣಕ್ಕೆ ಅವನ ಆಸ್ತಿ ಕಿತ್ತುಕೊಳ್ಳುವ ಹಾಗಿಲ್ಲ. ಒಳ್ಳೇದೇ. ಆದರೆ ಸಾಲದ ಬಗ್ಗೆ ಒಂದು ಅಕ್ಷರ ಇಲ್ಲ. ಇವನು ನನ್ನ ಗುಲಾಮ ಅನ್ನೋ ಹಾಗಿಲ್ಲ, ಸರಿ. ಇವನು ನನಗೆ ಸಾಲ ಕೊಡಬೇಕು ಅನ್ನಬಹುದಲ್ಲ!

ಇದು ನನ್ನ ಕಲ್ಪನೆ ಅಲ್ಲ. 1909ರಲ್ಲಿ ಎಡ್ಗರ್ ಥರ್ಸ್ಟನ್ ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಬಗ್ಗೆ ಏಳು ಸಂಪುಟ ಪ್ರಕಟಿಸಿದ. ದಕ್ಷಿಣ ಕನ್ನಡದ ಕೃಷಿ ಕೂಲಿಗಳಲ್ಲಿ ಎರಡು ವರ್ಗ ಅಂತ ಅದರಲ್ಲಿದೆ. ಆಗಿನ ದಾಖಲೆಯಲ್ಲಿ ಇರೋ ಹಾಗೇ ಹೇಳಬೇಕಾಗಿದೆ, ಆ ಜಾತಿಸೂಚಕ ಪದಕ್ಕೆ ಕ್ಷಮೆ ಇರಲಿ. ಒಂದು 'ಮೂಲದ ಹೊಲೆಯರು', ಅಂದರೆ ಮೂಲಿ ವರ್ಗದ ಜಮೀನಿನ ಜೊತೆಗೇ ಬಂದ ವಂಶಪಾರಂಪರ್ಯದ ಆಳುಗಳು. ಇನ್ನೊಂದು 'ಸಾಲದ ಹೊಲೆಯರು', ಅಂದರೆ ಸಾಲಕ್ಕೆ ಸಿಕ್ಕಿ ದುಡಿಯೋರು. ಈಗ ಇವರಿಬ್ಬರಿಗೂ ಅಂಥ ವ್ಯತ್ಯಾಸವೇನೂ ಉಳಿದಿಲ್ಲ ಅಂತಲೂ ಅಲ್ಲಿದೆ. ಮೂಲದವನು ಈಗ ಗುಲಾಮ ಅಲ್ಲ, ಆದರೆ ಅವನೂ ಸಾಲದವನಷ್ಟೇ ಸಾಲದಲ್ಲಿದ್ದಾನೆ. ಹೊಸ ಧಣಿ ಆ ಸಾಲ ವಹಿಸಿಕೊಂಡರೆ ಮಾತ್ರ ಹಳೇ ಧಣಿಯಿಂದ ಬಿಡುಗಡೆ. ಅಂದರೆ 1843ರ ಕಾಯ್ದೆ ಆಗಿ ಅರವತ್ತು ವರ್ಷದ ಮೇಲೆ ಹೆಸರು ಬದಲಾಗಿತ್ತು, ಮನುಷ್ಯ ಅಲ್ಲೇ ಇದ್ದ.

ಇನ್ನು ಘಟ್ಟದ ಕಾಫಿ ತೋಟಗಳು. ಅಲ್ಲಿ ಕೆಲಸ ನಡೆದದ್ದೇ ಮುಂಗಡದ ಮೇಲೆ. ಮೇಸ್ತ್ರಿ ಬಯಲುಸೀಮೆಗೋ ಕರಾವಳಿಗೋ ಬಂದು ಕೈಗೆ ದುಡ್ಡು ಕೊಟ್ಟು ಆಳು ಕರೆದುಕೊಂಡು ಹೋಗ್ತಿದ್ದ. ಆ ದುಡ್ಡಿನ ಹಿಂದೆ ಕಾನೂನೂ ನಿಂತಿತ್ತು. 1859ರ ಹದಿಮೂರನೇ ಕಾಯ್ದೆ, ಕೆಲಸಗಾರರ ಕರಾರುಭಂಗದ ಕಾಯ್ದೆ. ಮುಂಗಡ ತಗೊಂಡು ಕೆಲಸ ಬಿಟ್ಟು ಓಡಿಹೋದರೆ ಮ್ಯಾಜಿಸ್ಟ್ರೇಟ್ ಮುಂದೆ ತಂದು ನಿಲ್ಲಿಸಬಹುದು. ದುಡ್ಡು ವಾಪಸ್ ಕೊಡು, ಇಲ್ಲಾ ಕೆಲಸ ಮಾಡು ಅಂತ ಆಜ್ಞೆ ಆಗುತ್ತೆ. ಎರಡೂ ಆಗಲ್ಲ ಅಂದರೆ ಮೂರು ತಿಂಗಳವರೆಗೆ ಕಠಿಣ ಸಜೆ. ಗಮನಿಸಿ, ಬೇರೆ ಸಾಲಗಾರ ಸಾಲ ತೀರಿಸದಿದ್ದರೆ ಅದು ಸಿವಿಲ್ ವ್ಯಾಜ್ಯ. ಕೂಲಿಯವನು ತೀರಿಸದಿದ್ದರೆ ಜೈಲು! ಈ ಕಾಯ್ದೆ ರದ್ದಾಗಿ ಜಾರಿಯಿಂದ ಹೋದದ್ದು 1926ರಲ್ಲಿ. ಅದಾಗಿ ಏಳೇ ವರ್ಷಕ್ಕೆ ಚೋಮ ಕಾದಂಬರಿಯಾಗಿ ಬಂದ.

ಸರಿ, ಮದುವೆ ಎಲ್ಲಿಂದ ಬಂತು ಅಂತೀರಾ? ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಗುಲಾಮರ ಮದುವೆಗೆ ಕಾನೂನಿನ ಮಾನ್ಯತೆ ಇರಲಿಲ್ಲ. ಗಂಡನನ್ನ ಒಂದು ಕಡೆ, ಹೆಂಡತಿಯನ್ನ ಒಂದು ಕಡೆ ಮಾರಬಹುದಿತ್ತು. ಅಲ್ಲಿ ಮದುವೆಯನ್ನ ಮುರಿದು ಗುಲಾಮಗಿರಿ ಉಳಿಸಿಕೊಂಡರು. ನಮ್ಮಲ್ಲಿ ಧಣಿಯೇ ಮುಂದೆ ನಿಂತು ಮದುವೆಗೆ ದುಡ್ಡು ಕೊಟ್ಟ. ದಕ್ಷಿಣ ಗುಜರಾತಿನ ಹಾಲಿ ಪದ್ಧತಿ ಬಗ್ಗೆ ಯಾನ್ ಬ್ರೆಮನ್ ಅನ್ನೋ ಡಚ್ ಸಮಾಜಶಾಸ್ತ್ರಜ್ಞ ವಿವರವಾಗಿ ಬರೆದಿದ್ದಾನೆ. ಅಲ್ಲಿ ಒಬ್ಬ ಹುಡುಗ ಜಮೀನ್ದಾರನ ಹಾಲಿ ಆಗೋದು ತನ್ನ ಮದುವೆಯ ಖರ್ಚನ್ನ ಜಮೀನ್ದಾರ ಭರಿಸಿದಾಗ. ಮದುವೆಯಾದ ದಿನದಿಂದ ಗಂಡ ಹೊಲಕ್ಕೆ, ಹೆಂಡತಿ ಧಣಿಯ ಮನೆಕೆಲಸಕ್ಕೆ. ಒಂದು ಖರ್ಚಿಗೆ ಎರಡು ಆಳು!

ಇದನ್ನ ಓದಿದಾಗ ಮೈ ಜುಂ ಅಂತು. ನಮ್ಮ ಟ್ರಂಕಿನ ಕಾಗದ ಅದೇ ಅಲ್ಲವೇ?

ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆ (2007ರವರೆಗೆ ಕೋಲಾರದ ಭಾಗ) ನಿಮಗೆ ಗೊತ್ತಿರಬಹುದು. ಕಾಫಿ ತೋಟ ಇಲ್ಲ, ಬಿಳಿ ಧಣಿ ಇಲ್ಲ. ನಂದಿ ಬೆಟ್ಟದಲ್ಲಿ ಕಬ್ಬನ್ ಸಾಹೇಬ ಬೇಸಿಗೆಗೆ ಇರ್ತಿದ್ದ ಬಂಗಲೆ ಒಂದಿದೆ, ಅಷ್ಟೇ. ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಎಲ್ಲ ಮಳೆ ನಂಬಿದ ಸೀಮೆ. ವರ್ಷಪೂರ್ತಿ ಹರಿಯೋ ನದಿ ಇಲ್ಲ, ಕೆರೆ ತುಂಬಿದರೆ ಊಟ. ಇಲ್ಲಿಯ ಎಸ್ಟೇಟ್ ಅಂದರೆ ಇಪ್ಪತ್ತು ಎಕರೆ ರಾಗಿ, ಕಡಲೆಕಾಯಿ ಹೊಲ, ಒಂದು ಬಾವಿ, ಒಂದು ಕೊಟ್ಟಿಗೆ. ಧಣಿ ಅಂದರೆ ನಮ್ಮ ತಾತನಂಥವರು, ಅಂಥ ಶ್ರೀಮಂತರೇನೂ ಅಲ್ಲ. ಸಿನಿಮಾದ ವಿಲನ್ ಥರ ಮೀಸೆ ತಿರುವುತ್ತಾ ಇರಲಿಲ್ಲ. ಏಕಾದಶಿ ಉಪವಾಸ ಮಾಡ್ತಿದ್ದರು, ನನ್ನನ್ನ ತೊಡೆ ಮೇಲೆ ಕೂರಿಸಿಕೊಂಡು ವಿದುರಾಶ್ವತ್ಥದಲ್ಲಿ 1938ರಲ್ಲಿ ನಡೆದ ಗೋಲಿಬಾರ್ ಕಥೆ ಹೇಳ್ತಿದ್ದರು. ಸ್ವಾತಂತ್ರ್ಯದ ಕಥೆ ಹೇಳಿದ ತಾತನ ಟ್ರಂಕಿನಲ್ಲೇ ಈ ಕಾಗದವೂ ಇತ್ತು.

ಲೆಕ್ಕ ಹೇಗೆ ನಡೀತಿತ್ತು ಅಂತ ಅಪ್ಪನನ್ನ ಕೇಳಿದೆ. ಯುಗಾದಿಯಿಂದ ಯುಗಾದಿಗೆ ಒಂದು ವರ್ಷ. ದಿನಕ್ಕೆ ಮುದ್ದೆ, ವರ್ಷಕ್ಕೆ ಒಂದು ಜೊತೆ ಬಟ್ಟೆ, ಒಂದು ಕಂಬಳಿ, ಒಂದು ಜೊತೆ ಚಪ್ಪಲಿ. ಬೆಳಗಿನ ಜಾವ ಸಗಣಿ ಬಾಚೋದರಿಂದ ರಾತ್ರಿ ಎತ್ತಿಗೆ ಹುಲ್ಲು ಹಾಕೋವರೆಗೆ ಕೆಲಸ. ಈ ದುಡಿಮೆ ಎಲ್ಲ ಬಡ್ಡಿಗೆ. ಅಸಲು? ಅಸಲು ಹಾಗೇ ಇರುತ್ತೆ. ಜ್ವರ ಬಂದು ಎರಡು ದಿನ ಬರದಿದ್ದರೆ ಬದಲಿ ಆಳಿನ ಕೂಲಿ ಅಸಲಿಗೆ ಸೇರುತ್ತೆ. ಮಗು ಹುಟ್ಟಿದರೆ, ಹಬ್ಬ ಬಂದರೆ, ಯಾರಾದರೂ ಸತ್ತರೆ ಇನ್ನೊಂದು ಇಪ್ಪತ್ತು ಮೂವತ್ತು. ನಾನು ಪ್ರೋಗ್ರಾಮರ್, ನನಗೆ ಹೀಗೆ ಹೇಳಿದರೆ ಬೇಗ ಅರ್ಥ ಆಗುತ್ತೆ: ಅಸಲು ಸೊನ್ನೆ ಆಗೋವರೆಗೂ ತಿರುಗೋ ಲೂಪ್, ಒಳಗಡೆ ಅಸಲು ಕಡಿಮೆ ಮಾಡೋ ಸಾಲೇ ಬರೆದಿಲ್ಲ. ನಮ್ಮಲ್ಲಿ ಇದಕ್ಕೆ ಬಗ್ ಅಂತೀವಿ. ಅಲ್ಲಿ ಇದು ಬಗ್ ಅಲ್ಲ, ಬೇಕು ಅಂತಲೇ ಹಾಗೆ ಬರೆದದ್ದು.

ಮತ್ತೆ ಮದುವೆ ಎಷ್ಟು ದೊಡ್ಡ ಬಲೆ ನೋಡಿ. "ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಅಂತ ಗಾದೆ. ವರ್ಷಕ್ಕೆ ಕೈಗೆ ಒಂದು ಕಾಸೂ ಬರದ ಮನುಷ್ಯ ತಾಳಿ, ಸೀರೆ, ಊಟ ಎಲ್ಲಿಂದ ತರಬೇಕು? ಹೊಟ್ಟೆಗೆ ಇಲ್ಲದಿದ್ದರೆ ಉಪವಾಸ ಇರಬಹುದು, ಮದುವೆ ಬೇಡ ಅಂತ ಇರೋಕಾಗುತ್ತಾ? ಕೊಡೋರು ಊರಲ್ಲಿ ಒಬ್ಬರೇ. ಹೀಗೆ ಅಪ್ಪನ ಮದುವೆಗೆ ಮಾಡಿದ ಸಾಲದಲ್ಲಿ ಹುಟ್ಟಿದ ಮಗನಿಗೆ ಮದುವೆ ವಯಸ್ಸಾದಾಗ ಮತ್ತೆ ಅದೇ ಬಾಗಿಲು. ಇನ್ನೊಂದು ಕಡೆ, ಜೀತದ ಮನೆಗೆ ಹೆಣ್ಣು ಕೊಡೋಕೂ ಜನ ಹಿಂದೆ ಮುಂದೆ ನೋಡ್ತಿದ್ದರಂತೆ. ಕೊಟ್ಟ ಹೆಣ್ಣು ಯಾರ ಮನೆ ಕೊಟ್ಟಿಗೆ ಗುಡಿಸಬೇಕು ಅಂತ ಅವರಿಗೆ ಗೊತ್ತಿರ್ತಿತ್ತಲ್ಲ.

1975ಕ್ಕೆ ಬರೋಣ. ಬಿ.ವಿ. ಕಾರಂತರ ಸಿನಿಮಾದ ವರ್ಷ. ತುರ್ತು ಪರಿಸ್ಥಿತಿಯ ವರ್ಷವೂ ಹೌದು. ಆ ವರ್ಷದ ಅಕ್ಟೋಬರ್ 24ರಂದು ಜೀತ ಪದ್ಧತಿ ರದ್ದು ಮಾಡೋ ಸುಗ್ರೀವಾಜ್ಞೆ ಹೊರಟಿತು, 25ರಿಂದ ಜಾರಿ. 1976ರಲ್ಲಿ ಅದೇ ಕಾಯ್ದೆ ಆಯ್ತು. ಸಂವಿಧಾನದ 23ನೇ ವಿಧಿ 1950ರಿಂದಲೇ ಬಲವಂತದ ದುಡಿಮೆ ನಿಷೇಧಿಸಿತ್ತು. ಆದರೆ ಸಾಲಕ್ಕೆ ಕೈ ಹಾಕಿದ್ದು ಈ ಕಾಯ್ದೆ. 1843ರಲ್ಲಿ ಬಿಟ್ಟಿದ್ದ ಕಿಂಡಿಯನ್ನ 132 ವರ್ಷದ ಮೇಲೆ ಮುಚ್ಚಿದರು ಅನ್ನಬಹುದು.

ಈ ಕಾಯ್ದೆ ಓದೋಕೆ ನಿಜವಾಗಲೂ ಚೆನ್ನಾಗಿದೆ, ಒಮ್ಮೆ ಓದಿ. ತಾನು ಪಡೆದದ್ದಿರಲಿ, ಅಪ್ಪ ಅಜ್ಜ ಪಡೆದದ್ದಿರಲಿ, ಮುಂಗಡಕ್ಕೆ ಬದಲಾಗಿ ಕೂಲಿ ಇಲ್ಲದೆ ಅಥವಾ ಪುಡಿಗಾಸಿಗೆ ದುಡಿದರೆ ಅದು ಜೀತ. ಸಾಮಾಜಿಕ ಕಟ್ಟುಪಾಡಿನಿಂದ ದುಡಿದರೂ ಜೀತ, ಒಂದು ಜಾತಿಯಲ್ಲಿ ಹುಟ್ಟಿದ ಕಾರಣಕ್ಕೆ ದುಡಿದರೂ ಜೀತ. ಬೇರೆ ಬೇರೆ ಕಡೆ ಇದಕ್ಕಿರೋ ಹೆಸರುಗಳ ಒಂದು ಪಟ್ಟಿಯೂ ಅದರಲ್ಲಿದೆ. ಗುಜರಾತಿನ ಹಾಲಿ ಇದೆ, ಬಿಹಾರದ ಕಾಮಿಯಾ ಇದೆ, ನಮ್ಮ 'ಜೀತ' ಇದೆ. ನಮ್ಮ ಚಿಂತಾಮಣಿ, ಬಾಗೇಪಲ್ಲಿ ಕಡೆ ತೆಲುಗಿನಲ್ಲಿ ಹೇಳೋ 'ಪಾಲೇರು' ಕೂಡ ಇದೆ. ಕಾಯ್ದೆ ಪ್ರಕಾರ ಜೀತದ ಸಾಲ ಅವತ್ತಿಗೇ ಸತ್ತುಹೋಯ್ತು, ತೀರಿಸಬೇಕಾಗಿಲ್ಲ. ಇದು ಜೀತದ ಸಾಲ ಅಲ್ಲ ಅಂತ ಸಾಬೀತು ಮಾಡೋ ಹೊಣೆ ಸಾಲ ಕೊಟ್ಟವನದ್ದು. ಜೀತಕ್ಕೆ ಇಟ್ಟುಕೊಂಡರೆ ಮೂರು ವರ್ಷದವರೆಗೆ ಸಜೆ, ಎರಡು ಸಾವಿರದವರೆಗೆ ದಂಡ.

ಕರ್ನಾಟಕದಲ್ಲಿ ಆಗ ದೇವರಾಜ ಅರಸು ಮುಖ್ಯಮಂತ್ರಿ. ಭೂಸುಧಾರಣೆ, 1976ರ ಋಣ ಪರಿಹಾರ ಕಾಯ್ದೆ, ಎಲ್ಲ ಒಟ್ಟೊಟ್ಟಿಗೆ. ಆ ಬಿಸಿ ನಮ್ಮೂರಿಗೂ ತಟ್ಟಿತು. ಅಪ್ಪನಿಗೆ ಆಗ ಹನ್ನೆರಡು ವರ್ಷ. ಒಂದು ದಿನ ಊರಿಗೆ ಸರ್ಕಾರಿ ಜೀಪು ಬರುತ್ತೆ ಅಂತ ಸುದ್ದಿ ಆಯ್ತು. ಹಿಂದಿನ ರಾತ್ರಿ ತಾತ ಅವರನ್ನ ಕೊಟ್ಟಿಗೆ ಹತ್ತಿರ ಕರೆದು, "ಯಾರಾದರೂ ಕೇಳಿದ್ರೆ ಕೂಲಿಗಿದ್ದೀನಿ ಅಂತ ಹೇಳು" ಅಂದರಂತೆ. ಅಪ್ಪ ಬಾಗಿಲ ಸಂದಿಯಲ್ಲಿ ನಿಂತು ಕೇಳಿಸಿಕೊಂಡರು. ಮಾರನೇ ದಿನ ಜೀಪು ಬಂತು. ಅವರು ಕೈಕಟ್ಟಿ ನಿಂತು, ಹೇಳಿಕೊಟ್ಟ ಮಾತನ್ನ ಹಾಗೇ ಒಪ್ಪಿಸಿದರು. ಸಾಹೇಬರು ಬರೆದುಕೊಂಡು ಹೋದರು.

1978ರ ಸುಮಾರಿಗೆ ಗಾಂಧಿ ಶಾಂತಿ ಪ್ರತಿಷ್ಠಾನ ಮತ್ತು ರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಸೇರಿ ಹತ್ತು ರಾಜ್ಯಗಳಲ್ಲಿ ಸಮೀಕ್ಷೆ ಮಾಡಿ 26 ಲಕ್ಷ ಜೀತದಾಳುಗಳಿದ್ದಾರೆ ಅಂತ ಅಂದಾಜು ಮಾಡಿದವು. ಕರ್ನಾಟಕದ್ದು ಅದರಲ್ಲಿ 1.93 ಲಕ್ಷ. ಆದರೆ ಕರ್ನಾಟಕದಲ್ಲಿ ಸರ್ಕಾರ ಗುರುತಿಸಿದ್ದು 63 ಸಾವಿರ ಚಿಲ್ಲರೆ. ಉಳಿದವರೆಲ್ಲ ಏನಾದರು? ಅವರೆಲ್ಲ "ಕೂಲಿಗಿದ್ದೀನಿ" ಅಂದವರು. ಆ ವ್ಯತ್ಯಾಸದಲ್ಲಿ ಒಂದು ಅಂಕಿ ನಮ್ಮ ಮನೆಯದ್ದು.

ಗುರುತಿಸಿದ್ದರೆ ಏನು ಸಿಗ್ತಿತ್ತು? 1978ರಲ್ಲಿ ಶುರುವಾದ ಕೇಂದ್ರದ ಪುನರ್ವಸತಿ ಯೋಜನೆಯಲ್ಲಿ ಒಬ್ಬರಿಗೆ 4,000 ರೂಪಾಯಿ. ಎರಡು ಹಸುವೋ ಒಂದು ಜೊತೆ ಎತ್ತೋ ಬರ್ತಿತ್ತು. ಚೋಮ ಸಾಯೋವರೆಗೂ ಕನಸು ಕಂಡ ಬದುಕಿನ ಆರಂಭ ಅದು. (ಆ ಮೊತ್ತ 2000ದಲ್ಲಿ 20,000 ಆಯ್ತು. 2016ರ ಬದಲಾವಣೆಯಲ್ಲಿ ಪುರುಷರಿಗೆ 1 ಲಕ್ಷ, ಮಹಿಳೆ ಮತ್ತು ಮಕ್ಕಳಿಗೆ 2 ಲಕ್ಷ, ತೀರಾ ಘೋರ ಪ್ರಕರಣಗಳಲ್ಲಿ 3 ಲಕ್ಷ ಆಯ್ತು.)

ಕಾನೂನು ಬಂದ ಮೇಲೆ ಜೀತ ಹೋಯ್ತು ಅನ್ನೋ ಹಾಗೂ ಇಲ್ಲ. 1990ರ ದಶಕದಲ್ಲಿ ಆನೇಕಲ್ ಕಡೆಯಿಂದ ಕಿರಣ್ ಕಮಲ್ ಪ್ರಸಾದ್ ಅವರ 'ಜೀವಿಕ', ಅಂದರೆ ಜೀತ ವಿಮುಕ್ತಿ ಕರ್ನಾಟಕ, ಹಳ್ಳಿ ಹಳ್ಳಿ ತಿರುಗಿ ಜೀತದಾಳುಗಳನ್ನ ಹುಡುಕಿ ಸಂಘ ಕಟ್ಟಿತು. ಹುಡುಕಿದಲ್ಲೆಲ್ಲ ಸಿಕ್ಕಿದರು! ಬಾಗೇಪಲ್ಲಿ ಕಡೆ ಎಪ್ಪತ್ತರ ದಶಕದ ಕೊನೆಯಿಂದ ಕೂಲಿ ಸಂಘಗಳು ಹುಟ್ಟಿಕೊಂಡವು. ಶಿಡ್ಲಘಟ್ಟದ ರೇಷ್ಮೆ ನಿಮಗೆ ಗೊತ್ತು. ಆ ಊರಿನಲ್ಲಿ ಇಳಿದರೆ ಸಾಕು, ಗೂಡು ಬೇಯಿಸೋ ವಾಸನೆ ಮೂಗಿಗೆ ಬರುತ್ತೆ. ರೇಷ್ಮೆ ಉದ್ಯಮದಲ್ಲಿ ಮುಂಗಡಕ್ಕೆ ಸಿಕ್ಕಿ ದುಡಿಯೋ ಮಕ್ಕಳ ಬಗ್ಗೆ ಹ್ಯೂಮನ್ ರೈಟ್ಸ್ ವಾಚ್ 2003ರಲ್ಲಿ ಒಂದು ವರದಿ ಮಾಡಿತು. ಕರ್ನಾಟಕದ ನೂಲು ಬಿಚ್ಚೋ ಘಟಕಗಳೂ ಅದರಲ್ಲಿದ್ದವು. ಅಪ್ಪ ಅಮ್ಮ ಯಾವುದೋ ಖರ್ಚಿಗೆ ಮುಂಗಡ ತಗೊಂಡರೆ ಬಿಸಿನೀರಿನಲ್ಲಿ ಕೈ ಅದ್ದೋದು ಮಕ್ಕಳು.

ಮದುವೆ ಖರ್ಚೇ ಬೇರು ಅಂತ ಕಂಡುಕೊಂಡವರೂ ನಮ್ಮಲ್ಲಿ ಇದ್ದರು. ಕುವೆಂಪು ಮಂತ್ರ ಮಾಂಗಲ್ಯ ಅಂತ ಸರಳ ಮದುವೆ ರೂಪಿಸಿ 1966ರಲ್ಲಿ ಮಗ ತೇಜಸ್ವಿಯ ಮದುವೆಯನ್ನೇ ಹಾಗೆ ಮಾಡಿದರು. ಧರ್ಮಸ್ಥಳದಲ್ಲಿ 1972ರಿಂದ ಸಾಮೂಹಿಕ ವಿವಾಹ ಶುರುವಾಯ್ತು. ಇದನ್ನೆಲ್ಲ ನಾನು ಮೊದಲು ಆದರ್ಶ, ಸರಳತೆ ಅಂತಷ್ಟೇ ತಿಳಿದಿದ್ದೆ. ನಮ್ಮ ಟ್ರಂಕಿನ ಕಾಗದ ನೋಡಿದ ಮೇಲೆ ಅನ್ನಿಸ್ತು, ಬಡವನ ಮಟ್ಟಿಗೆ ಇದು ಆದರ್ಶ ಅಲ್ಲ, ಬಿಡುಗಡೆ.

ಈಗ ಕಾಗದದ ಕಥೆ ಮುಗಿಸ್ತೀನಿ.

ಆ ಹಿರಿಯರು ತೀರಿಕೊಂಡು ತುಂಬಾ ವರ್ಷ ಆಯ್ತು. ಅವರು ನಮ್ಮ ಮನೆಯಿಂದ ಹೊರಬಂದದ್ದು 1981ರಲ್ಲಿ, ದೊಡ್ಡ ಮಗ ದೊಡ್ಡಬಳ್ಳಾಪುರದಲ್ಲಿ ಮಗ್ಗದ ಕೆಲಸಕ್ಕೆ ಸೇರಿದ ಮೇಲೆ. ಅವರ ಹೆಂಡತಿ ಇದ್ದಾರೆ, ಎಂಬತ್ತರ ಹತ್ತಿರ. ಅಪ್ಪ ಕಾಗದವನ್ನ ಸುಟ್ಟುಬಿಡೋಣ ಅಂದರು. ನಾನು ಬೇಡ ಅಂದೆ. ಸ್ವಲ್ಪ ಹೊತ್ತು ಜಗಳ ಆಯ್ತು. ಕೊನೆಗೆ ಇಬ್ಬರೂ ಸೇರಿ ಆ ಅಜ್ಜಿಯ ಮನೆಗೆ ಹೋದೆವು. ನಮ್ಮ ಮನೆಯಿಂದ ಇನ್ನೂರು ಹೆಜ್ಜೆ ಇರಬಹುದು. ಅಪ್ಪ ತಮ್ಮ ಜೀವಮಾನದಲ್ಲಿ ಆ ಬಾಗಿಲ ಒಳಗೆ ಕಾಲಿಟ್ಟದ್ದು ಅದೇ ಮೊದಲು.

ಅಜ್ಜಿಗೆ ಓದೋಕೆ ಬರಲ್ಲ. ಮೊಮ್ಮಗ ಚಿಕ್ಕಬಳ್ಳಾಪುರದಲ್ಲಿ ಬಿ.ಕಾಂ. ಓದ್ತಾನೆ, ಅವನು ಗಟ್ಟಿಯಾಗಿ ಓದಿದ. ಮುಗಿದ ಮೇಲೆ ಅಜ್ಜಿ "ಇನ್ನೊಂದ್ ಸಲ ಓದು" ಅಂದರು. ಅವನು ಮತ್ತೆ ಓದಿದ.

"ಮುನ್ನೂರೈವತ್ತಾ?" ಅಂದರು. "ನಮ್ಮ ಮದುವೆಗೆ ಕೊಟ್ಟಿದ್ದು ಇನ್ನೂರು ಕಣಪ್ಪಾ."

ನಮ್ಮಿಬ್ಬರಿಗೂ ಮಾತೇ ಬರಲಿಲ್ಲ. ಓದೋಕೆ ಬಾರದ ಮನುಷ್ಯ ಹೆಬ್ಬೆಟ್ಟು ಒತ್ತಿದ ಕಾಗದದಲ್ಲಿ ಏನು ಬರೆದಿತ್ತು ಅಂತ ಆ ಮನೆಗೆ ಗೊತ್ತಾದದ್ದು ಅರವತ್ತು ವರ್ಷದ ಮೇಲೆ. ಅಜ್ಜಿ ಸಿಟ್ಟಾಗಲಿಲ್ಲ, ಅಳಲೂ ಇಲ್ಲ. ಮದುವೆಯಾದ ಮಾರನೇ ದಿನ ಬೆಳಕು ಹರಿಯೋಕೆ ಮುಂಚೆ ಅತ್ತೆ ಎಬ್ಬಿಸಿ ಪೊರಕೆ ಕೈಗೆ ಕೊಟ್ಟು ನಮ್ಮ ಕೊಟ್ಟಿಗೆಗೆ ಕಳಿಸಿದ್ದನ್ನ ಹೇಳಿದರು. ಕೈಗೆ ಹಚ್ಚಿದ ಅರಿಶಿನ ಇನ್ನೂ ಹೋಗಿರಲಿಲ್ಲವಂತೆ. ಹದಿನೆಂಟು ವರ್ಷ ಗುಡಿಸಿದ ಅವರ ಹೆಸರು ಆ ಕಾಗದದಲ್ಲಿ ಎಲ್ಲೂ ಇಲ್ಲ.

ಅಪ್ಪ ಏನೋ ಹೇಳೋಕೆ ಹೋದರು, ಆಗಲಿಲ್ಲ. ಅಜ್ಜಿ ಕಾಗದ ಇಸ್ಕೊಂಡು ಮಡಿಸಿ, ರೇಷನ್ ಕಾರ್ಡ್ ಇಡೋ ತಗಡಿನ ಡಬ್ಬಿಯಲ್ಲಿ ಇಟ್ಟರು. "ಇದು ಇಲ್ಲೇ ಇರ್ಲಿ" ಅಂದರು, ಅಷ್ಟೇ. ಹೊರಡೋವಾಗ ನನ್ನ ಕಡೆ ತಿರುಗಿ, "ನಿಂಗೆ ಮದುವೆ ಆಯ್ತಾ?" ಅಂತ ಕೇಳಿದರು. ಇಲ್ಲ ಅಜ್ಜಿ ಅಂದೆ. "ಸಾಲ ಮಾಡ್ಕೋಬೇಡ" ಅಂದರು.

ನನಗೆ ವಾರಕ್ಕೆರಡು ಸಲ ಬ್ಯಾಂಕಿನವರು ಫೋನ್ ಮಾಡಿ ಮದುವೆಗೆ ಪರ್ಸನಲ್ ಲೋನ್ ಬೇಕಾ ಸರ್ ಅಂತ ಕೇಳ್ತಾರೆ. ನಾನು ತಗೊಂಡರೂ ಏನಾಗುತ್ತೆ? ಕಂತು ಕಟ್ಟಿದಷ್ಟೂ ಅಸಲು ಇಳಿಯುತ್ತೆ, ಕಟ್ಟದಿದ್ದರೆ ನನ್ನ ಹೆಂಡತಿ ಮ್ಯಾನೇಜರ್ ಮನೆ ಗುಡಿಸಬೇಕಾಗಿಲ್ಲ. ವ್ಯತ್ಯಾಸ ಇರೋದು ಅಲ್ಲೇ.

ಹೋದ ವಾರ ಕ್ಯಾಂಟೀನಿನಲ್ಲಿ ಮತ್ತೆ ಅದೇ ಡೈಲಾಗ್ ಬಂತು, ನಾವೆಲ್ಲ ಜೀತದಾಳುಗಳು ಅಂತ. ನಿನ್ನ ನೋಟಿಸ್ ಪೀರಿಯಡ್ ಎಷ್ಟು ಅಂತ ಕೇಳಿದೆ. ಮೂರು ತಿಂಗಳು ಅಂದ. ನನಗೆ ಗೊತ್ತಿರೋ ಒಬ್ಬರದ್ದು ಹದಿನೆಂಟು ವರ್ಷ ಇತ್ತು ಅಂದೆ. ಅವನಿಗೆ ಅರ್ಥ ಆಗಲಿಲ್ಲ, ಅದಕ್ಕೇ ಇಷ್ಟುದ್ದ ಬರೆದೆ.

ನಿಮ್ಮ ಊರಿನ ಮನೆಯಲ್ಲೂ ಅಟ್ಟ ಇದ್ದರೆ, ಅಟ್ಟದ ಮೇಲೆ ಟ್ರಂಕ್ ಇದ್ದರೆ, ಒಮ್ಮೆ ತೆಗೆದು ನೋಡಿ. ಕಾಗದ ಸಿಕ್ಕರೆ ಸುಡಬೇಡಿ. ಅದು ಯಾರದ್ದೋ ಅವರಿಗೆ ಓದಿ ಹೇಳಿ.